ವಿಜ್ಞಾನದ ವಾರ್ತೆಯೂ ಪ್ರೌಢಶಾಲೆಯ ವಿದ್ಯಾರ್ಥಿಯೂ

2023ನೆಯ ಇಸವಿ ಆಗಸ್ಟ್ 23ನೆಯ ತಾರೀಖು ಸಾಯಂಕಾಲ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ‘ವಿಕ್ರಮ್’ ನೌಕೆಯು ಚಂದ್ರನ ನೆಲವನ್ನು ಸುರಕ್ಷಿತವಾಗಿ ಮುಟ್ಟಿದ ಸಂಗತಿಯು ನಮ್ಮ ವಾಚಕರಿಗೆಲ್ಲ ವಿದಿತವಾದುದೇ ಆಗಿದೆ. ಆ ದಿನವನ್ನು ಸರಕಾರದವರು ರಾಷ್ಟ್ರೀಯ ಅಂತರಿಕ್ಷ ದಿನವೆಂದು ಘೋಷಿಸಿದರು; 2024ರಲ್ಲಿ ಅದರ ಆಚರಣೆಯು ಮೊದಲಾಯಿತು. ಶಾಲೆಗಳಲ್ಲಿ ಭಾಷಣಗಳಾಗುತ್ತವೆ, ಚಿತ್ರಸ್ಪರ್ಧೆಗಳಾಗುತ್ತವೆ, ರಟ್ಟಿನ ರಾಕೆಟ್ಟುಗಳು ಪ್ರದರ್ಶನಕ್ಕೆ ಬರುತ್ತವೆ. ಈ ಉತ್ಸಾಹವನ್ನು ಹಳಿಯುವ ಮನಸ್ಸು ನಮಗಿಲ್ಲ. ದೇಶವು ತನ್ನವರ ಸಾಧನೆಯಲ್ಲಿ ಹೆಮ್ಮೆಪಡುವುದು ಆರೋಗ್ಯದ ಲಕ್ಷಣವೇ ಸರಿ. ಆದರೆ ಹಬ್ಬ ಮುಗಿದು ತೋರಣವನ್ನು ಬಿಚ್ಚಿದ ಮೇಲೆ ವಿದ್ಯಾರ್ಥಿಯ ಬುದ್ಧಿಯಲ್ಲಿ ಉಳಿಯುವುದೇನು ಎಂಬ ಪ್ರಶ್ನೆಯನ್ನು ವಿದ್ಯಾಭ್ಯಾಸದ ಹೊಣೆ ಹೊತ್ತವರೆಲ್ಲರೂ ಕೇಳಿಕೊಳ್ಳಬೇಕಾಗಿದೆ.

ನೌಕೆಯ ಹೆಸರೇನು, ಇಳಿದ ತಾರೀಖು ಯಾವುದು, ಚಂದ್ರನ ಮೇಲೆ ಮೆಲ್ಲನೆ ಇಳಿದ ರಾಷ್ಟ್ರಗಳಲ್ಲಿ ನಮ್ಮದು ಎಷ್ಟನೆಯದು ಎಂದು ಕೇಳಿದರೆ ಹತ್ತನೆಯ ತರಗತಿಯ ಜಾಣ ಹುಡುಗನು ತಟ್ಟನೆ ಉತ್ತರ ಹೇಳಿಯಾನು. ಇಳಿಯುವುದಕ್ಕೆ ಪ್ಯಾರಾಚೂಟನ್ನು ಏಕೆ ಉಪಯೋಗಿಸಲಿಲ್ಲವೆಂದು ಕೇಳಿದರೆ ಎಷ್ಟು ಮಂದಿ ಉತ್ತರ ಕೊಡಬಲ್ಲರು? ಮೊದಲಿನ ಮೂರು ಉತ್ತರಗಳು ಜ್ಞಾಪಕಶಕ್ತಿಗೆ ಸೇರಿದವು; ಕಡೆಯದು ವಿಜ್ಞಾನಕ್ಕೆ ಸೇರಿದ್ದು. ವಾರ್ತೆಯನ್ನು ಬಾಯಿಪಾಠದ ಇನ್ನೊಂದು ಪ್ರಕರಣವನ್ನಾಗಿ ಮಾಡಿಬಿಟ್ಟರೆ, ಪರೀಕ್ಷೆಯ ಭಾರದಿಂದ ಈಗಾಗಲೇ ಬಾಗಿದ ಮಗುವಿನ ಬೆನ್ನಿಗೆ ಮತ್ತೊಂದು ಗಂಟನ್ನು ಕಟ್ಟಿದಂತಾಗುವುದೇ ಹೊರತು ಬೇರೇನೂ ಆಗದು.

ಹಾಗಾದರೆ ವಾರ್ತೆಯೊಳಗೆ ವಿದ್ಯಾರ್ಥಿಗೆ ದಕ್ಕುವ ತಿರುಳು ಎಷ್ಟಿದೆಯೆಂಬುದನ್ನು ನೋಡೋಣ. ನೌಕೆಯು ಇಳಿಯಲಾರಂಭಿಸಿದಾಗ ಚಂದ್ರನ ನೆಲದಿಂದ ಸುಮಾರು 30 ಕಿಲೋಮೀಟರು ಎತ್ತರದಲ್ಲಿದ್ದು, ಸೆಕೆಂಡಿಗೆ ಸುಮಾರು 1.68 ಕಿಲೋಮೀಟರು ವೇಗದಲ್ಲಿ ಓಡುತ್ತಿತ್ತು. ಸುಮಾರು 19 ನಿಮಿಷಗಳಲ್ಲಿ ಈ ವೇಗವೆಲ್ಲ ಕರಗಬೇಕು. ಭೂಮಿಯ ಮೇಲಾದರೆ ಗಾಳಿಯ ತಡೆಯು ಸಹಾಯಕ್ಕೆ ಬರುತ್ತದೆ. ಚಂದ್ರನಲ್ಲಿ ಗಾಳಿಯೆಂಬುದು ಇಲ್ಲವೆನ್ನಬಹುದಾದುದರಿಂದ ಪ್ಯಾರಾಚೂಟು ಅಲ್ಲಿ ನಿಷ್ಪ್ರಯೋಜಕ. ಇಂಜಿನುಗಳನ್ನು ಓಟಕ್ಕೆ ಎದುರಾಗಿ ಉರಿಸಿಯೇ ವೇಗವನ್ನು ತಗ್ಗಿಸಬೇಕು. 19 ನಿಮಿಷವೆಂದರೆ 1,140 ಸೆಕೆಂಡು. 1,680 ಮೀಟರಿನ ವೇಗವನ್ನು ಅದರಿಂದ ಭಾಗಿಸಿದರೆ ಪ್ರತಿ ಸೆಕೆಂಡಿಗೆ ಸರಾಸರಿ ಒಂದೂವರೆ ಮೀಟರಿನಷ್ಟು ವೇಗವು ಇಳಿಯುತ್ತ ಬರಬೇಕೆಂದು ಒಂಬತ್ತನೆಯ ತರಗತಿಯ ಮಗುವೂ ಲೆಕ್ಕ ಹಾಕಬಲ್ಲದು. ಇಷ್ಟರ ಮೇಲೆ ಚಂದ್ರನಿರುವುದು ಸುಮಾರು 3,84,400 ಕಿಲೋಮೀಟರು ದೂರದಲ್ಲಿ. ರೇಡಿಯೋ ಸಂಕೇತವು ಅಲ್ಲಿಗೆ ಹೋಗಲು ಸುಮಾರು 1.3 ಸೆಕೆಂಡು, ಬರಲು ಮತ್ತೆ ಅಷ್ಟೇ. ಬೆಂಗಳೂರಿನಲ್ಲಿ ಕುಳಿತವರು ಅಪಾಯವನ್ನು ಕಂಡು ಆಜ್ಞೆ ಕಳುಹಿಸುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಆದುದರಿಂದಲೇ ಇಳಿಯುವ ಹೊತ್ತಿನ ನಿರ್ಣಯಗಳೆಲ್ಲವನ್ನೂ ನೌಕೆಯೊಳಗಿನ ಗಣಕಯಂತ್ರವೇ ತಾನಾಗಿ ಮಾಡಬೇಕಾಯಿತು. ಪಠ್ಯಪುಸ್ತಕದಲ್ಲಿ ಒಣಗಿ ಮಲಗಿರುವ ಚಲನೆಯ ಪಾಠವು ಇಲ್ಲಿ ಎದ್ದು ನಡೆಯುವುದಿಲ್ಲವೆ?

ಇದಕ್ಕಿಂತಲೂ ಬೆಲೆಯುಳ್ಳ ಪಾಠವೊಂದು 2019ಕ್ಕೂ 2023ಕ್ಕೂ ನಡುವೆ ಅಡಗಿದೆ. 2019ನೆಯ ಸಪ್ಟೆಂಬರ್ 7ರ ನಡುರಾತ್ರಿಯ ತರುವಾಯ ಚಂದ್ರಯಾನ-2ರ ನೌಕೆಯು ನೆಲಕ್ಕೆ ಅಪ್ಪಳಿಸಿ ಹಾಳಾಯಿತು. ದೇಶವೆಲ್ಲ ಮರುಗಿತು. ಆದರೆ ವಿಜ್ಞಾನಿಗಳು ಮರುಗಿ ಸುಮ್ಮನಾಗಲಿಲ್ಲ. ಇಂಜಿನುಗಳ ನೂಕುಬಲವು ಎಣಿಸಿದ್ದಕ್ಕಿಂತ ಹೆಚ್ಚಾಗಿದ್ದಿತೆಂದೂ, ಅದರಿಂದ ತಪ್ಪುಗಳು ಒಂದರ ಮೇಲೊಂದು ಕೂಡುತ್ತ ಹೋದುವೆಂದೂ, ಅವನ್ನು ಸರಿಪಡಿಸಿಕೊಳ್ಳಲು ನೌಕೆಯು ಬೇಗಬೇಗನೆ ತಿರುಗಬೇಕಾಗಿದ್ದರೂ ತಿರುಗುವ ವೇಗಕ್ಕೆ ಮಿತಿಯನ್ನು ಹಾಕಿದ್ದಿತೆಂದೂ, ಇಳಿಯಲು ಗೊತ್ತುಮಾಡಿದ್ದ ಸ್ಥಳವು 500 ಮೀಟರು ಉದ್ದ, 500 ಮೀಟರು ಅಗಲದಷ್ಟು ಇಕ್ಕಟ್ಟಾಗಿದ್ದಿತೆಂದೂ ಆಗಿನ ಇಸ್ರೋ ಅಧ್ಯಕ್ಷರಾದ ಶ್ರೀ ಎಸ್. ಸೋಮನಾಥರು 2023ನೆಯ ಜುಲೈ ತಿಂಗಳಿನಲ್ಲಿ ಬಹಿರಂಗವಾಗಿ ವಿವರಿಸಿದರು. ಮುಂದಿನ ನೌಕೆಗೆ ಸುಮಾರು 4 ಕಿಲೋಮೀಟರು ಉದ್ದ, 2.4 ಕಿಲೋಮೀಟರು ಅಗಲದ ಸ್ಥಳವನ್ನು ಬಿಟ್ಟುಕೊಟ್ಟರು, ಕಾಲುಗಳನ್ನು ಬಲಪಡಿಸಿದರು, ಇಂಧನವನ್ನು ಹೆಚ್ಚಿಸಿದರು, ವೇಗವನ್ನು ಅಳೆಯಲು ಲೇಸರಿನ ಹೊಸ ಉಪಕರಣವೊಂದನ್ನು ಕೂಡಿಸಿದರು, ಐದು ಇಂಜಿನುಗಳ ಬದಲು ನಾಲ್ಕನ್ನೇ ಇಟ್ಟರು. ಎಲ್ಲವೂ ಸರಿಯಾದರೆ ಹೇಗೆ ಗೆಲ್ಲುವುದೆಂದು ಯೋಚಿಸುವ ಬದಲು, ಯಾವುದು ಕೆಟ್ಟರೂ ಹೇಗೆ ಇಳಿಯುವುದೆಂದು ಯೋಚಿಸಿ ಈ ನೌಕೆಯನ್ನು ರಚಿಸಿದರು. ಅಷ್ಟೇ ಅಲ್ಲ, ಚಂದ್ರಯಾನ-2ರ ಪರಿಭ್ರಮಣ ನೌಕೆಯು ಕೆಡದೆ ಉಳಿದು ಚಂದ್ರನನ್ನು ಸುತ್ತುತ್ತಿದ್ದು, ಹೊಸ ನೌಕೆಯು ಬಂದಾಗ ಅದರೊಡನೆ ಸಂಪರ್ಕವನ್ನು ಬೆಳೆಸಿತು. ಹೀಗಿರುವಲ್ಲಿ 2019ನ್ನು ಸೋಲೆಂದೂ 2023ನ್ನು ಗೆಲುವೆಂದೂ ಬೇರೆಬೇರೆಯಾಗಿ ಬರೆದಿಡುವುದು ಅರ್ಧ ಸತ್ಯವನ್ನು ಹೇಳಿದಂತೆ.

ಒಂದು ಲೆಕ್ಕ ತಪ್ಪಿದುದಕ್ಕೆ ಮನೆಯಲ್ಲಿಯೂ ಶಾಲೆಯಲ್ಲಿಯೂ ತಲೆ ತಗ್ಗಿಸಬೇಕಾದ ಹುಡುಗನಿಗೆ, ತಪ್ಪನ್ನು ಮುಚ್ಚಿಡದೆ ಬಿಡಿಸಿ ನೋಡುವುದೇ ವಿಜ್ಞಾನದ ಮಾರ್ಗವೆಂದು ತಿಳಿಸಿಕೊಡಲು ಇದಕ್ಕಿಂತ ಉತ್ತಮವಾದ ದೃಷ್ಟಾಂತವು ಬೇರೆಲ್ಲಿ ಸಿಕ್ಕೀತು? ಅದೇ ಆಗಸ್ಟ್ 19ರಂದು ರಷ್ಯಾದ ಲೂನಾ-25 ನೌಕೆಯು ಚಂದ್ರನಿಗೆ ಬಡಿದು ನಾಶವಾಯಿತು. ಇಂಜಿನು 84 ಸೆಕೆಂಡು ಉರಿಯಬೇಕಾಗಿದ್ದಲ್ಲಿ 127 ಸೆಕೆಂಡು ಉರಿಯಿತೆಂದು ಆ ದೇಶದವರೇ ಪ್ರಕಟಿಸಿದರು. ಇದನ್ನು ಕೇಳಿ ಕೈತಟ್ಟಿ ನಗುವುದು ನಮ್ಮ ಮಕ್ಕಳಿಗೆ ಶೋಭಿಸದು. ಪ್ರಕೃತಿಯ ನಿಯಮಕ್ಕೆ ದೇಶಭೇದವಿಲ್ಲ. ನಾಲ್ಕು ವರ್ಷಗಳ ಹಿಂದೆ ನಮಗೆ ಬಂದ ದುಃಖವೇ ಅವರಿಗೂ ಬಂದಿತು. ನೆರೆಯವನ ಸೋಲಿನಿಂದ ಕಲಿಯತಕ್ಕದ್ದೂ ಉಂಟು ಎಂಬ ವಿನಯವು ನಿಜವಾದ ದೇಶಾಭಿಮಾನಕ್ಕೆ ಎಂದೂ ವಿರೋಧವಾದುದಲ್ಲ.

ಇಳಿದ ಮೇಲಣ ಸಂಗತಿಯೂ ಹೀಗೆಯೇ. ನೌಕೆಯಲ್ಲಿದ್ದ ಉಪಕರಣವೊಂದು ಚಂದ್ರನ ಮಣ್ಣಿನೊಳಕ್ಕೆ ಸರಳನ್ನು ಇಳಿಸಿ ಉಷ್ಣತೆಯನ್ನು ಅಳೆಯಿತು. ಮೇಲ್ಮೈಯಲ್ಲಿ 50 ಡಿಗ್ರಿ ಸೆಲ್ಸಿಯಸಿಗೂ ಮಿಕ್ಕ ಬಿಸಿ. ಕೇವಲ 8 ಸೆಂಟಿಮೀಟರು ಕೆಳಗೆ ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗಿನ ಚಳಿ. ಅಂಗೈಯ ಅಗಲದಷ್ಟು ಅಂತರದಲ್ಲಿ ಸುಮಾರು 60 ಡಿಗ್ರಿಗಳ ವ್ಯತ್ಯಾಸ! ಇದು ಹೇಗೆಂದು ಆಶ್ಚರ್ಯಪಡುವ ವಿದ್ಯಾರ್ಥಿಗೆ, ಚಂದ್ರನ ಮಣ್ಣು ನುಣ್ಣನೆಯ ಪುಡಿಯೆಂದೂ, ಕಣಗಳ ನಡುವೆ ಗಾಳಿಯಿಲ್ಲವಾದುದರಿಂದ ಶಾಖವು ಕೆಳಕ್ಕೆ ಹರಿಯುವುದು ಬಲು ಕಷ್ಟವೆಂದೂ ಹೇಳಿದರೆ ಉಷ್ಣವಾಹಕತೆಯ ಪಾಠವು ಮತ್ತೆ ಮರೆತುಹೋಗದು. ‘ಪ್ರಗ್ಯಾನ್’ ಬಂಡಿಯು ಲೇಸರಿನಿಂದ ಮಣ್ಣನ್ನು ಕಾಯಿಸಿ, ಅದರಿಂದ ಹೊಮ್ಮಿದ ಬೆಳಕಿನ ಬಣ್ಣಗಳನ್ನು ಬಿಡಿಸಿ ನೋಡಿ, ಅಲ್ಲಿ ಗಂಧಕವಿದೆಯೆಂದು ಕಂಡುಕೊಂಡಿತು. ಪಟ್ಟಕದ ಮೂಲಕ ಬಿಸಿಲು ಏಳು ಬಣ್ಣವಾಗುವುದನ್ನು ಕಂಡ ಮಗುವಿಗೆ ಇದು ದೂರದ ಮಾತಲ್ಲ. ನೌಕೆಯು ದಕ್ಷಿಣಧ್ರುವದ ಮೇಲೆಯೇ ಇಳಿಯಿತೆಂದು ಜನರು ಆಡಿಕೊಳ್ಳುವುದುಂಟು. ಇಳಿದುದು ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ, ಧ್ರುವವಿರುವುದು 90 ಡಿಗ್ರಿಯಲ್ಲಿ. ಅದಕ್ಕೆ ಮುಂಚೆ ಯಾರೂ ಮೆಲ್ಲನೆ ಇಳಿಯದಷ್ಟು ದಕ್ಷಿಣದ ಸ್ಥಳವದು. ಸತ್ಯವೇ ಇಷ್ಟು ದೊಡ್ಡದಾಗಿರುವಾಗ ಅದಕ್ಕೆ ಒಗ್ಗರಣೆಯ ಅವಶ್ಯಕತೆಯೇನಿದೆ? ಅಳತೆಯಲ್ಲಿ ನಿಷ್ಠೆಯನ್ನು ಕಲಿಸದ ವಿಜ್ಞಾನಪ್ರಚಾರವು ಪ್ರಚಾರವಾಗಿ ಉಳಿದೀತೇ ಹೊರತು ವಿಜ್ಞಾನವಾಗದು.

ಇನ್ನು ಭಾಷೆಯ ವಿಷಯ. ನಮ್ಮ ಗ್ರಾಮಾಂತರದ ಬಹುಮಂದಿ ಮಕ್ಕಳು ವಿಜ್ಞಾನವನ್ನು ಕನ್ನಡದಲ್ಲಿ ಓದುತ್ತಾರೆ; ವಿಜ್ಞಾನದ ವಾರ್ತೆಯಾದರೋ ಮೊದಲು ಇಂಗ್ಲಿಷಿನಲ್ಲಿ ಹುಟ್ಟಿ, ಕನ್ನಡಕ್ಕೆ ಬರುವ ಹೊತ್ತಿಗೆ ಕಾರಣಗಳನ್ನೆಲ್ಲ ದಾರಿಯಲ್ಲಿ ಉದುರಿಸಿಕೊಂಡು ಬರಿಯ ಜಯಘೋಷವಾಗಿ ತಲಪುತ್ತದೆ. ಕನ್ನಡದಲ್ಲಿ ಇದು ಸಾಧ್ಯವಿಲ್ಲವೆಂಬ ಮಾತನ್ನು ನಾವು ಸರ್ವಥಾ ಒಪ್ಪಲಾರೆವು. 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಪಾರಿಭಾಷಿಕ ಪದಗಳು ಇನ್ನೂ ಹುಟ್ಟಬೇಕಾಗಿದ್ದ ಕಾಲದಲ್ಲಿ ಆ ಮಹನೀಯರು ಹಿಂಜರಿಯಲಿಲ್ಲ. ಪದಕೋಶಗಳು, ಪಠ್ಯಪುಸ್ತಕಗಳು, ‘ಬಾಲವಿಜ್ಞಾನ’ದಂತಹ ಪತ್ರಿಕೆಗಳು ಇವೆಲ್ಲ ಆಗಿರುವ ಈ ಕಾಲದಲ್ಲಿ ನಾವು ಹಿಂಜರಿದರೆ ಅದಕ್ಕೆ ಭಾಷೆಯ ಬಡತನವು ಕಾರಣವಾಗಲಾರದು.

ಪಾಠಕ್ರಮವು ಈಗಲೇ ತುಂಬಿ ತುಳುಕುತ್ತಿದೆ, ಉಪಾಧ್ಯಾಯರಿಗೆ ಬಿಡುವಿಲ್ಲ, ಪರೀಕ್ಷೆಗೆ ಬಾರದುದನ್ನು ಮಕ್ಕಳು ಓದರು ಎಂಬ ಆಕ್ಷೇಪಣೆಗಳು ಬರುವುವೆಂದು ನಾವು ಬಲ್ಲೆವು. ಇವು ತಳ್ಳಿಹಾಕತಕ್ಕ ಮಾತುಗಳಲ್ಲ. ಉಪಾಧ್ಯಾಯರ ಮೇಲೆ ವರದಿ, ಗಣತಿ, ದಾಖಲೆಗಳ ಭಾರವನ್ನು ಹೊರಿಸುತ್ತ, ಅದರ ಮೇಲೆ ಇದನ್ನೂ ಹೇರುವುದು ನ್ಯಾಯವಲ್ಲ. ಆದರೆ ನಾವು ಕೇಳುತ್ತಿರುವುದು ಹೊಸ ಪಾಠವನ್ನಲ್ಲ. ಇರುವ ಪಾಠಕ್ಕೆ ಜೀವವನ್ನು. ವಾರದಲ್ಲಿ ಒಂದೇ ಒಂದು ಅವಧಿಯನ್ನು ವಿಜ್ಞಾನದ ವಾರ್ತೆಗೆ ಮೀಸಲಿಡಲಿ. ಅಂದು ಪತ್ರಿಕೆಯ ಒಂದು ವಾರ್ತೆಯನ್ನು ಓದಿಸಿ, ಇಲ್ಲಿ ಅಳೆದುದೇನು, ಅಳೆದುದು ಹೇಗೆ, ಇನ್ನೂ ತಿಳಿಯದೆ ಉಳಿದುದೇನು ಎಂಬ ಮೂರು ಪ್ರಶ್ನೆಗಳನ್ನು ಮಕ್ಕಳಿಂದಲೇ ಕೇಳಿಸಲಿ. ವಿದ್ಯಾ ಇಲಾಖೆಯವರು ವಾರ್ಷಿಕ ಪರೀಕ್ಷೆಯಲ್ಲಿ ಇಂತಹ ವಾರ್ತೆಯೊಂದನ್ನು ಮುದ್ರಿಸಿ ಕೊಟ್ಟು, ಅದರಿಂದ ಯುಕ್ತಿಪೂರ್ವಕವಾಗಿ ಉತ್ತರಿಸಬೇಕಾದ ಒಂದು ಪ್ರಶ್ನೆಯನ್ನಾದರೂ ಇಡಲಿ. ಹಾಗೆ ಮಾಡಿದಲ್ಲಿ ಮೂರನೆಯ ಆಕ್ಷೇಪಣೆಯು ತಾನಾಗಿಯೇ ಬಿದ್ದುಹೋಗುತ್ತದೆ.

ಊರಿನ ಹಿರಿಯರಿಗೂ ಅಧಿಕಾರಿಗಳಿಗೂ ಇದರಲ್ಲಿ ಪಾಲುಂಟು. ಪ್ರತಿಯೊಂದು ತಾಲ್ಲೂಕು ಪಟ್ಟಣದಲ್ಲಿಯೂ ಇಂಜಿನಿಯರರು, ವೈದ್ಯರು, ಕೃಷಿ ಇಲಾಖೆಯ ಅಧಿಕಾರಿಗಳು ಇದ್ದೇ ಇರುವರು. ಇವರು ವರ್ಷಕ್ಕೆರಡು ಸಲ ಹತ್ತಿರದ ಪ್ರೌಢಶಾಲೆಗೆ ಹೋಗಿ, ತಾವು ದಿನವೂ ಮಾಡುವ ಕೆಲಸದಲ್ಲಿರುವ ವಿಜ್ಞಾನವನ್ನು ತಿಳಿಗನ್ನಡದಲ್ಲಿ ಹೇಳಿದರೆ ಯಾವ ಖಜಾನೆಗೂ ನಷ್ಟವಾಗದು. ಹಾರ ತುರಾಯಿಗಳ ಸಭೆ ಬೇಡ. ಮಕ್ಕಳ ಪ್ರಶ್ನೆಗಳಿಗೆ ಬಾಯ್ತುಂಬ ಉತ್ತರ ಸಾಕು. ಪತ್ರಿಕೆಗಳೂ ವಿಜಯದ ದಿನದಂದು ದೊಡ್ಡ ಅಕ್ಷರಗಳನ್ನು ಉಪಯೋಗಿಸುವಷ್ಟೇ ಶ್ರದ್ಧೆಯಿಂದ ಮಾರನೆಯ ದಿನ ಕಾರಣಗಳನ್ನು ಬರೆಯುವುದು ಕರ್ತವ್ಯವೆಂದು ನಮ್ಮ ಅಭಿಪ್ರಾಯ.

2024ನೆಯ ಡಿಸೆಂಬರ್ 30ರಂದು ಹಾರಿಬಿಟ್ಟ ಎರಡು ಪುಟ್ಟ ಉಪಗ್ರಹಗಳನ್ನು ಆಕಾಶದಲ್ಲಿಯೇ ಒಂದಕ್ಕೊಂದು ಜೋಡಿಸುವ ಪ್ರಯತ್ನವು ಎರಡು ಸಲ ಮುಂದಕ್ಕೆ ಹೋಯಿತು. 2025ನೆಯ ಜನವರಿ 12ರಂದು ಅವುಗಳನ್ನು 3 ಮೀಟರು ಸಮೀಪಕ್ಕೆ ತಂದು, ನೋಡಿ, ಮತ್ತೆ ಹಿಂದಕ್ಕೆ ಸರಿಸಿದರು. 16ರಂದು ಜೋಡಣೆಯು ನೆರವೇರಿತು. ಮೂರು ಮೀಟರು ಉಳಿದಿರುವಾಗ ಅವಸರಪಡದೆ ಹಿಂದಕ್ಕೆ ಸರಿದ ಆ ಸಂಯಮವನ್ನು ಕುರಿತು ಯಾವ ಶಾಲೆಯಲ್ಲಿ ಪಾಠವಾಯಿತು? ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ಆರ್ಯಭಟ ಉಪಗ್ರಹವನ್ನು ಕಟ್ಟಿ 1975ರಲ್ಲಿ ಆಕಾಶಕ್ಕೆ ಕಳುಹಿಸಿದವರೂ ಒಂದು ಕಾಲಕ್ಕೆ ಶಾಲೆಯ ಬೆಂಚಿನ ಮೇಲೆ ಕುಳಿತು ಏಕೆ, ಹೇಗೆ ಎಂದು ಕೇಳಿದ ಮಕ್ಕಳೇ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಆ ಕೆಲಸಕ್ಕೆ ಹೆಗಲು ಕೊಡತಕ್ಕವರು ಇಂದು ನಮ್ಮ ಪ್ರೌಢಶಾಲೆಗಳಲ್ಲಿದ್ದಾರೆ. ಬರುವ ಆಗಸ್ಟ್ 23ರಂದು ಅವರ ಕೈಗೆ ಬಾವುಟವನ್ನು ಕೊಡುವವರು ಅದರೊಡನೆ ಒಂದು ಲೆಕ್ಕವನ್ನೂ ಕೊಡಲಿ. ಅದನ್ನು ಬಿಡಿಸುವಾಗ ತಪ್ಪಾದರೆ ಗದರಿಸದೆ, ಎಲ್ಲಿ ತಪ್ಪಿತೆಂದು ಜೊತೆಯಲ್ಲಿ ಕುಳಿತು ನೋಡಲಿ.