ಕಂತುಗಳಲ್ಲಿ ಬಂದ ಸ್ವಾತಂತ್ರ್ಯ ಮತ್ತು ನಮ್ಮ ಹಳೆಯ ಕಿರ್ದಿಗಳು

ಪ್ರತಿ ವರ್ಷ ಆಗಸ್ಟ್ 15ರಂದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಪಟ್ಟಣಗಳಲ್ಲಿ ಧ್ವಜಾರೋಹಣಕ್ಕೆ ವರ್ತಕ ಬಾಂಧವರ ಸಹಕಾರವಿಲ್ಲದೆ ನಡೆಯುವುದಿಲ್ಲ. ಶಾಲಾ ಮಕ್ಕಳಿಗೆ ಸಿಹಿ, ಬಹುಮಾನಕ್ಕೆ ನೋಟ್ ಪುಸ್ತಕ, ಶಾಮಿಯಾನ, ಧ್ವನಿವರ್ಧಕ, ಇವುಗಳ ಖರ್ಚಿನ ಬಹುಪಾಲು ಪೇಟೆ ಬೀದಿಯಿಂದಲೇ ಬರುತ್ತದೆ. ಅದು ಸ್ತುತ್ಯವಾದ ಸಂಗತಿ. ಆದರೆ ವೇದಿಕೆಯ ಮೇಲಿನ ಭಾಷಣಗಳಲ್ಲಿ ಕೇಳಿಬರುವುದು ದೆಹಲಿಯ ಕಥೆ ಮಾತ್ರ. 1947ರ ಆಗಸ್ಟ್ 14ರ ಮಧ್ಯರಾತ್ರಿ ಅಧಿಕಾರ ಹಸ್ತಾಂತರವಾಯಿತು, ಮರುದಿನದಿಂದ ನಾವೆಲ್ಲರೂ ಸ್ವತಂತ್ರರಾದೆವು ಎಂದು ನಮ್ಮ ಮಕ್ಕಳು ತಿಳಿದಿದ್ದಾರೆ. ನಮ್ಮ ಈ ತಾಲ್ಲೂಕುಗಳ ಮಟ್ಟಿಗೆ ಈ ಜಮಾ ನಮೂದು ಪೂರ್ಣ ಸತ್ಯವಲ್ಲ.

ಆಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿಯೂ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿಯೂ ಇದ್ದವು. ನ್ಯಾಮತಿಯು ಹೊನ್ನಾಳಿ ತಾಲ್ಲೂಕಿನ ಭಾಗವಾಗಿತ್ತು; ಅದು ಪ್ರತ್ಯೇಕ ತಾಲ್ಲೂಕಾದದ್ದು 2018ರಲ್ಲಿ. ಈ ಪ್ರದೇಶವೆಲ್ಲವೂ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಮಹಾರಾಜ ಜಯಚಾಮರಾಜ ಒಡೆಯರ್ ಅವರು 1947ರ ಆಗಸ್ಟ್ 9ರಂದು ಭಾರತ ಒಕ್ಕೂಟವನ್ನು ಸೇರುವ ಒಪ್ಪಂದಕ್ಕೆ ಸಹಿ ಮಾಡಿದರು. ಆ ಒಪ್ಪಂದದಿಂದ ಭಾರತ ಸರ್ಕಾರಕ್ಕೆ ಹೋದದ್ದು ರಕ್ಷಣೆ, ವಿದೇಶಾಂಗ ವ್ಯವಹಾರ ಮತ್ತು ಸಂಪರ್ಕ, ಈ ಮೂರು ವಿಷಯಗಳು ಮಾತ್ರ. ಕಂದಾಯ, ತೆರಿಗೆ, ಪೊಲೀಸು, ನ್ಯಾಯ, ಅಂದರೆ ಜನಸಾಮಾನ್ಯನೂ ವರ್ತಕನೂ ದಿನನಿತ್ಯ ಎದುರಿಸುವ ಸರ್ಕಾರವು ಆಗಸ್ಟ್ 16ರಂದೂ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಅವರದೇ ಆಗಿತ್ತು. ಜನರಿಂದ ಆಯ್ಕೆಯಾದವರಿಗೆ ಹೊಣೆಗಾರನಾದ ಸರ್ಕಾರವು ಇಲ್ಲಿ ಇನ್ನೂ ಸ್ಥಾಪಿತವಾಗಿರಲಿಲ್ಲ.

ಗಡಿಯಾಚೆಯ ಸ್ಥಿತಿ ಬೇರೆ. ಜಗಳೂರಿನ ನೆರೆಯ ಹರಪನಹಳ್ಳಿ ಮತ್ತು ಕೂಡ್ಲಿಗಿ ತಾಲ್ಲೂಕುಗಳು ಮದರಾಸು ಪ್ರಾಂತ್ಯದವು. ಹೊನ್ನಾಳಿ ತಾಲ್ಲೂಕಿನ ಉತ್ತರಕ್ಕಿದ್ದ ರಾಣೆಬೆನ್ನೂರು, ಹಿರೇಕೆರೂರು ಸೀಮೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಅಲ್ಲಿ ಆಗಸ್ಟ್ 15ರಂದು ಚುನಾಯಿತ ಮಂತ್ರಿಮಂಡಲಗಳು ಅಧಿಕಾರದಲ್ಲಿದ್ದವು. ಒಂದೇ ಸಂತೆಗೆ ಎರಡು ಕಡೆಯಿಂದ ಬಂದ ಇಬ್ಬರು ವ್ಯಾಪಾರಿಗಳಲ್ಲಿ ಒಬ್ಬನಿಗೆ ಪೂರ್ಣ ಪಾವತಿಯಾಗಿತ್ತು, ಮತ್ತೊಬ್ಬನಿಗೆ ಬಾಕಿ ಇತ್ತು ಎಂದರೆ ನಮ್ಮ ಓದುಗರಿಗೆ ಬೇಗ ಅರ್ಥವಾದೀತು.

ಆ ಬಾಕಿಯನ್ನು ವಸೂಲು ಮಾಡಲು ನಡೆದ ಚಳವಳಿಯೇ ‘ಮೈಸೂರು ಚಲೋ’. 1947ರ ಸೆಪ್ಟೆಂಬರ್ 1ರಿಂದ ಕೆ. ಚೆಂಗಲರಾಯ ರೆಡ್ಡಿಯವರ ನೇತೃತ್ವದಲ್ಲಿ ಮೈಸೂರು ಕಾಂಗ್ರೆಸ್ ಸತ್ಯಾಗ್ರಹ ಆರಂಭಿಸಿತು. ನಾಯಕರ ಬಂಧನವಾಯಿತು. ವಿದ್ಯಾರ್ಥಿಗಳು ಶಾಲೆ ಬಿಟ್ಟರು, ಕಾರ್ಮಿಕರು ಗಿರಣಿ ಬಿಟ್ಟರು, ಊರೂರುಗಳಲ್ಲಿ ಹರತಾಳಗಳಾದವು. ಮೈಸೂರಿನಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರನ್ನು ಅಲ್ಲಿನ ವೃತ್ತವೊಂದು ಇಂದಿಗೂ ಹೊತ್ತಿದೆ. ಸ್ವತಂತ್ರ ಭಾರತದಲ್ಲಿ, ಆಗಸ್ಟ್ 15 ಕಳೆದ ಮುಂದಿನ ತಿಂಗಳಿನಲ್ಲಿ, ಆ ಹುಡುಗ ಪ್ರಾಣ ಕೊಟ್ಟನೆಂಬುದನ್ನು ಎಷ್ಟು ಮಂದಿ ಗಮನಿಸಿದ್ದಾರೆ? ಚಳವಳಿಗಾರರು ಗಡಿಯಾಚೆ ಶಿಬಿರಗಳನ್ನು ಹೂಡಿ ಸಂಸ್ಥಾನದೊಳಕ್ಕೆ ಬರುತ್ತಿದ್ದರು. ಎಚ್.ಎಸ್. ದೊರೆಸ್ವಾಮಿಯವರ ‘ಪೌರವಾಣಿ’ ಪತ್ರಿಕೆಯು ಸಂಸ್ಥಾನದ ನಿರ್ಬಂಧವನ್ನು ತಪ್ಪಿಸಿಕೊಂಡು ಮದರಾಸು ಪ್ರಾಂತ್ಯದ ಹಿಂದೂಪುರದಿಂದ ಹೊರಟಿತು. ಅಂತೂ ಅಕ್ಟೋಬರ್ ತಿಂಗಳಲ್ಲಿ ರಾಜಿಯಾಗಿ, 25ನೆಯ ತಾರೀಖು ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ಆಗಸ್ಟ್ 15ರಿಂದ ಲೆಕ್ಕ ಹಾಕಿದರೆ 71 ದಿನಗಳು.

ನಮ್ಮವರು ಇದಕ್ಕೆ ಮೊದಲೇ ಕೊಟ್ಟ ಮುಂಗಡವೂ ಸಣ್ಣದಲ್ಲ. ಹೊನ್ನಾಳಿ ಸೀಮೆಗೆ ಹೊಂದಿಕೊಂಡಿರುವ ಶಿಕಾರಿಪುರ ತಾಲ್ಲೂಕಿನ ಈಸೂರು 1942ರ ಸೆಪ್ಟೆಂಬರ್‌ನಲ್ಲಿ ತನ್ನದೇ ಸರ್ಕಾರವನ್ನು ಘೋಷಿಸಿ, ಕಂದಾಯ ಕೊಡುವುದಿಲ್ಲವೆಂದು ನಿಂತಿತು. 1943ರ ಮಾರ್ಚ್‌ನಲ್ಲಿ ಆ ಊರಿನ ಐವರು ಗಲ್ಲಿಗೇರಿದರು. ದಾವಣಗೆರೆಯಲ್ಲಿ 1942ರ ಗೋಲಿಬಾರಿನಲ್ಲಿ ಆರು ಮಂದಿ ಮಡಿದರು.

ಇನ್ನು ವ್ಯಾಪಾರದ ಸ್ವಾತಂತ್ರ್ಯದ ವಿಚಾರಕ್ಕೆ ಬರೋಣ. ಇದು ಲೇಖಕನ ವೃತ್ತಿಗೆ ಸಂಬಂಧಿಸಿದ್ದರಿಂದ ತುಸು ವಿಸ್ತಾರವನ್ನು ಓದುಗರು ಮನ್ನಿಸಬೇಕು. ಮದರಾಸು ಪ್ರಾಂತ್ಯದಲ್ಲಿ 1939ರಿಂದಲೂ ಮುಂಬಯಿ ಪ್ರಾಂತ್ಯದಲ್ಲಿ 1946ರಿಂದಲೂ ಮಾರಾಟ ತೆರಿಗೆ ಕಾಯಿದೆ ಇತ್ತು. ಮೈಸೂರಿಗೆ ಅದು ಬಂದದ್ದು 1948ರಲ್ಲಿ. ಜಗಳೂರಿನಿಂದ ಕೊಟ್ಟೂರಿಗೆ, ಹೊನ್ನಾಳಿಯಿಂದ ರಾಣೆಬೆನ್ನೂರಿಗೆ ಗಾಡಿ ಹೂಡಿದವನು ಒಂದು ಕಾನೂನನ್ನು ಬಿಟ್ಟು ಇನ್ನೊಂದು ಕಾನೂನಿನೊಳಕ್ಕೆ ಹೋಗುತ್ತಿದ್ದ. ಮಾತು ಒಂದೇ, ತೂಕದ ಕಲ್ಲು ಒಂದೇ, ಸರ್ಕಾರ ಮಾತ್ರ ಎರಡು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 301ನೆಯ ಅನುಚ್ಛೇದವು ಭಾರತದಾದ್ಯಂತ ವ್ಯಾಪಾರ, ವಾಣಿಜ್ಯ ಮತ್ತು ಸಂಚಾರ ಮುಕ್ತವಾಗಿರತಕ್ಕದ್ದು ಎಂದು ಸಾರಿತು. ಅದರ ಬೆನ್ನಿಗೇ ಬರುವ ಅನುಚ್ಛೇದಗಳು ವಿನಾಯಿತಿಗಳನ್ನೂ ಇಟ್ಟುಕೊಂಡವು. ಕಾಯಿದೆ ಓದುವವರಿಗೆ ಇದು ಹೊಸತೇನಲ್ಲ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದವು; ಜಗಳೂರಿನ ಪಕ್ಕದ ಗಡಿ ಅಳಿಯಿತು. 1956ರ ನವೆಂಬರ್ 1ರಂದು ಧಾರವಾಡವೂ ಸೇರಿ ಹೊನ್ನಾಳಿಯ ಪಕ್ಕದ ಗಡಿ ಅಳಿಯಿತು. ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು ಹುಟ್ಟಿದ್ದು ಮದರಾಸು ಪ್ರಾಂತ್ಯದ ಹರಪನಹಳ್ಳಿ ಸೀಮೆಯ ಹಲುವಾಗಿಲಿನಲ್ಲಿ, ವಕೀಲಿ ನಡೆಸಿದ್ದು ಮೈಸೂರು ಸಂಸ್ಥಾನದ ಚಿತ್ರದುರ್ಗದಲ್ಲಿ. ಆ ಗಡಿಯ ಕಷ್ಟವನ್ನು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಇಡೀ ರಾಜ್ಯಕ್ಕೆ ಒಂದೇ ಮಾರಾಟ ತೆರಿಗೆ ಬಂದದ್ದು 1957ರ ಕಾಯಿದೆಯಿಂದ. ಊರ ಬಾಗಿಲಿನ ಆಕ್ಟ್ರಾಯ್ ನಾಕೆಗಳು 1979ರಲ್ಲಿ ಹೋದವು. ಅವುಗಳ ಜಾಗಕ್ಕೆ ಪ್ರವೇಶ ತೆರಿಗೆ ಬಂದು ಕುಳಿತಿತು. 2005ರ ಏಪ್ರಿಲ್‌ನಲ್ಲಿ ವ್ಯಾಟ್, 2017ರ ಜುಲೈ 1ರಂದು ಜಿಎಸ್‌ಟಿ. ದೇಶಕ್ಕೆ ಒಂದೇ ತೆರಿಗೆ ಎನ್ನುವಾಗಲೂ ಐವತ್ತು ಸಾವಿರ ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ ಬೇಕೇ ಬೇಕು. ರಾಜ್ಯದೊಳಗಿನ ಸಾಗಾಣಿಕೆಗೂ ಅದನ್ನು 2018ರ ಏಪ್ರಿಲ್ 1ರಿಂದಲೇ, ಬೇರೆಲ್ಲ ರಾಜ್ಯಗಳಿಗಿಂತ ಮೊದಲು, ಕಡ್ಡಾಯ ಮಾಡಿದ್ದು ನಮ್ಮ ಕರ್ನಾಟಕ. 301ನೆಯ ಅನುಚ್ಛೇದದ ಕೊನೆಯ ಕಂತು ಇನ್ನೂ ಬರಬೇಕಾಗಿದೆ ಎಂಬುದು ನನ್ನ ಅಭಿಪ್ರಾಯ, ಭಿನ್ನಾಭಿಪ್ರಾಯವಿರುವವರು ಇದ್ದಾರೆ.

ನಮಗೆ ಆಗಸ್ಟ್ 15ರ ಇನ್ನೊಂದು ನಂಟೂ ಇದೆ. ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ದಿನವಾದ 1997ರ ಆಗಸ್ಟ್ 15ರಂದೇ ದಾವಣಗೆರೆ ಜಿಲ್ಲೆ ಅಸ್ತಿತ್ವಕ್ಕೆ ಬಂದಿತು. ಆಗ ಮುಖ್ಯಮಂತ್ರಿಗಳಾಗಿದ್ದವರು ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲರು. ಮೂರು ಜಿಲ್ಲೆಗಳಿಂದ ತಾಲ್ಲೂಕುಗಳನ್ನು ತೆಗೆದು ಕಟ್ಟಿದ ಈ ಜಿಲ್ಲೆಗೆ ಹರಪನಹಳ್ಳಿಯೂ ಸೇರಿತ್ತು. ನಂತರ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ.

ಆಚರಣೆಯ ಬಗ್ಗೆ ಎರಡು ಮಾತು. ಮೈಸೂರು ಸಂಸ್ಥಾನದಲ್ಲಿ ತ್ರಿವರ್ಣ ಧ್ವಜ ಹಾರಿಸುವುದಕ್ಕೇ 1938ರಲ್ಲಿ ಶಿವಪುರದಲ್ಲಿ ಸತ್ಯಾಗ್ರಹ ಮಾಡಬೇಕಾಯಿತು. ಇಂದು 2002ರ ಧ್ವಜ ಸಂಹಿತೆಯಂತೆ ಯಾವ ಅಂಗಡಿ, ಯಾವ ಕಾರ್ಖಾನೆಯ ಮೇಲೆ ಬೇಕಾದರೂ ಗೌರವಪೂರ್ವಕವಾಗಿ ಧ್ವಜ ಹಾರಿಸಬಹುದು. 2021ರ ಡಿಸೆಂಬರ್‌ನ ತಿದ್ದುಪಡಿಯಿಂದ ಪಾಲಿಯೆಸ್ಟರ್ ಮತ್ತು ಯಂತ್ರದ ಬಟ್ಟೆಗೂ ಅನುಮತಿ ದೊರೆತಿದೆ. ರಾಷ್ಟ್ರಧ್ವಜದ ಮಾರಾಟಕ್ಕೆ, ಬಟ್ಟೆ ಯಾವುದೇ ಇರಲಿ, ಜಿಎಸ್‌ಟಿ ವಿನಾಯಿತಿ ಇದೆ. ತೆರಿಗೆಯಲ್ಲಿ ವ್ಯತ್ಯಾಸವಿಲ್ಲದ ಮೇಲೆ ಹುಬ್ಬಳ್ಳಿ ಬೆಂಗೇರಿಯ ಖಾದಿ ಧ್ವಜವನ್ನೇ ಏಕೆ ತರಿಸಬಾರದು? ಬೆಲೆ ಹೆಚ್ಚು, ನಿಜ; ಆದರೆ ನೂಲುವ, ನೇಯುವ ಕೈಗಳು ನಮ್ಮ ರಾಜ್ಯದವು. ಹಾಗೆಯೇ, ಆಗಸ್ಟ್ 15 ವೇತನಸಹಿತ ರಜೆ. ಆ ದಿನ ಕೆಲಸ ಮಾಡಿಸಿದರೆ ನೌಕರನಿಗೆ ಎರಡರಷ್ಟು ವೇತನ, ಇಲ್ಲವೇ ವೇತನದ ಜೊತೆಗೆ ಬದಲಿ ರಜೆ ಕೊಡಬೇಕು. ಮುಂದಿನ ಬಾಗಿಲಿನ ಮೇಲೆ ಧ್ವಜ, ಹಿಂದಿನ ಬಾಗಿಲಿನಲ್ಲಿ ಹಮಾಲರಿಂದ ಲೋಡು ಇಳಿಸುವ ಕೆಲಸ, ಇದು ಶೋಭೆಯಲ್ಲ.

ಇಷ್ಟೆಲ್ಲ ಹೇಳಿದ್ದು ಒಂದು ಬೇಡಿಕೆಗಾಗಿ. ಮೈಸೂರು ಚಲೋ ಚಳವಳಿಯ ಇತಿಹಾಸದಲ್ಲಿ ಬೆಂಗಳೂರು, ಮೈಸೂರು ನಗರಗಳ ವಿವರ ಸಾಕಷ್ಟಿದೆ. ಆ 71 ದಿನಗಳಲ್ಲಿ ಚನ್ನಗಿರಿಯ ಪೇಟೆಯಲ್ಲಿ, ನ್ಯಾಮತಿಯ ಸಂತೆಯಲ್ಲಿ ಏನು ನಡೆಯಿತೆಂಬುದಕ್ಕೆ ಸಾಕ್ಷ್ಯ ಎಲ್ಲಿದೆ? ಅದು ನಮ್ಮ ಹಳೆಯ ಅಂಗಡಿಗಳ ಅಟ್ಟದ ಮೇಲೆ, ಕೆಂಪು ಬಟ್ಟೆಯ ರಟ್ಟಿನ ಕಿರ್ದಿ ಪುಸ್ತಕಗಳಲ್ಲಿ ಇದ್ದೀತು. ಕಿರ್ದಿ ದಿನಕ್ಕೊಂದು ಪುಟದಂತೆ ನಡೆಯುವ ಪುಸ್ತಕ. ಹರತಾಳದ ದಿನ ವ್ಯಾಪಾರದ ನಮೂದು ಇರದು. ಚಂದಾ ಕೊಟ್ಟಿದ್ದರೆ ಧರ್ಮದ ಖಾತೆಯಲ್ಲೋ ಕಿರುಕುಳ ಖರ್ಚಿನಲ್ಲೋ ಬಿದ್ದಿರುತ್ತದೆ. 1947ರ ದೀಪಾವಳಿ ನವೆಂಬರ್ 12ರಂದು ಬಂದಿತ್ತು. ಆದುದರಿಂದ ದೀಪಾವಳಿಗೆ ಹೊಸ ಪುಸ್ತಕ ತೆರೆಯುವ ಪದ್ಧತಿಯಿದ್ದ ಅಂಗಡಿಗಳಲ್ಲಿ ಆಗಸ್ಟ್ 15, ಸೆಪ್ಟೆಂಬರ್ 1, ಅಕ್ಟೋಬರ್ 25, ಈ ಮೂರು ತಾರೀಖುಗಳೂ ಒಂದೇ ಸಂಪುಟದಲ್ಲಿ ದೊರೆಯಬೇಕು. ಭಾಷಣಕಾರನು ಮರೆಯಬಹುದು, ಉತ್ಪ್ರೇಕ್ಷೆಯನ್ನೂ ಮಾಡಬಹುದು. ಅಂದಿನ ಗುಮಾಸ್ತನಿಗೆ ಇತಿಹಾಸ ಬರೆಯುವ ಉದ್ದೇಶವೇ ಇರಲಿಲ್ಲ; ಅವನ ನಮೂದನ್ನು ನಂಬಬಹುದು.

ಕಾನೂನು ಈ ಪುಸ್ತಕಗಳನ್ನು ಕಾಯುವುದಿಲ್ಲ. ಜಿಎಸ್‌ಟಿ ಕಾಯಿದೆಯಂತೆ ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳು, ಕಂಪನಿ ಕಾಯಿದೆಯಂತೆ ಎಂಟು ಆರ್ಥಿಕ ವರ್ಷ ಲೆಕ್ಕ ಇಟ್ಟರೆ ಸಾಕು. ಎಪ್ಪತ್ತು ಎಂಬತ್ತು ವರ್ಷ ಹಿಂದಿನದಕ್ಕೆ ಯಾವ ಅಧಿಕಾರಿಯೂ ನೋಟಿಸು ಕೊಡುವುದಿಲ್ಲ. ಮನೆ ಪಾಲಾದಾಗ, ಅಂಗಡಿ ಕೆಡವಿ ಹೊಸ ಕಟ್ಟಡ ಕಟ್ಟುವಾಗ, ಮಗ ಬೆಂಗಳೂರಿಗೆ ಹೋಗಿ ವ್ಯಾಪಾರ ನಿಂತಾಗ, ಇವು ಕಿಲೋ ಲೆಕ್ಕದಲ್ಲಿ ರದ್ದಿಯವನ ತಕ್ಕಡಿಗೆ ಹೋಗುತ್ತವೆ. ಗೆದ್ದಲು ಮುಗಿಸಿದ್ದು ಬೇರೆ.

ನಾಲ್ಕೂ ತಾಲ್ಲೂಕುಗಳ ವರ್ತಕರ ಸಂಘಗಳು ಬರುವ ಸ್ವಾತಂತ್ರ್ಯೋತ್ಸವದ ಖರ್ಚಿನಲ್ಲಿ ಒಂದು ಸಣ್ಣ ಬಾಬನ್ನು ಇದಕ್ಕೆ ತೆಗೆದಿರಿಸಲಿ. ಪುಸ್ತಕಗಳನ್ನು ಯಾರೂ ಬಿಟ್ಟುಕೊಡಬೇಕಾಗಿಲ್ಲ. ಕೊಡುಕೊಳ್ಳುವ ಬಾಕಿ, ಅಡಮಾನ, ಮನೆತನದ ವ್ಯವಹಾರಗಳು ಅವುಗಳಲ್ಲಿ ಇರುವುದರಿಂದ ಸಂಕೋಚ ಸಹಜ. 1947ರ ಆಗಸ್ಟ್‌ನಿಂದ ನವೆಂಬರ್‌ವರೆಗಿನ ಪುಟಗಳನ್ನು ಮಾತ್ರ ಮಾಲೀಕರ ಸಮ್ಮುಖದಲ್ಲಿ, ಗಿರಾಕಿಗಳ ಹೆಸರು ಮರೆಮಾಡಿ, ಸ್ಕ್ಯಾನ್ ಮಾಡಿಸಿದರೆ ಆಯಿತು. ಹಳೆಯ ಮೋಡಿ ಕೈಬರಹವಿದ್ದರೆ ಓದಬಲ್ಲ ಹಿರಿಯರು ಇನ್ನೂ ಕೆಲವರಿದ್ದಾರೆ. ಅವರ ವಯಸ್ಸನ್ನು ನೋಡಿದರೆ ಈ ಕೆಲಸವನ್ನು ಮುಂದಿನ ವರ್ಷಕ್ಕೆ ಮುಂದೂಡುವಂತಿಲ್ಲ. ಅಂತಹ ಪುಸ್ತಕವಿರುವ ಸದಸ್ಯರು ತಮ್ಮ ತಾಲ್ಲೂಕು ಸಂಘದ ಕಾರ್ಯದರ್ಶಿಗಳಿಗೆ, ದೀಪಾವಳಿಗೆ ಅಂಗಡಿ ಸುಣ್ಣ ಬಣ್ಣ ಮಾಡಿಸಲು ಅಟ್ಟ ಖಾಲಿ ಮಾಡುವ ಮೊದಲು, ಒಂದು ಮಾತು ತಿಳಿಸಬೇಕೆಂದು ಕೋರುತ್ತೇನೆ.