ನಕ್ಷತ್ರ ಹುಡುಕಲು ಮೀಟರ್ ಹಚ್ಚಿದರೆ ಅದು ಕಾಪಿಯೇ?

‘ಇದು ಪರೀಕ್ಷೆಯಲ್ಲಿ ಕಾಪಿ ಹೊಡೆದ ಹಾಗಾಯ್ತಲ್ಲಮ್ಮಾ!’

ಡಿಸೆಂಬರ್ ಕೊನೆಯಲ್ಲಿ ಆಕಾಶ ವೀಕ್ಷಣೆಯ ಹವ್ಯಾಸಿಗಳು ಸೇರಿದ್ದ ಕಡೆ ಹಿರಿಯರೊಬ್ಬರು ನನ್ನ ಟೆಲಿಸ್ಕೋಪ್ ನೋಡಿ ಹೀಗಂದರು. ಅದರ ಕೊಳವೆಗೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಡಿಜಿಟಲ್ ಆ್ಯಂಗಲ್ ಮೀಟರ್ ಅಂಟಿಕೊಂಡಿತ್ತು. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಸಿಟ್ಟು ಬಂದಿದ್ದು ಆಟೊದಲ್ಲಿ ಮನೆಗೆ ವಾಪಸ್ ಬರುವಾಗ.

ನನ್ನದು ಆರು ಇಂಚು ಕನ್ನಡಿಯ ಡಾಬ್ಸೋನಿಯನ್ ಟೆಲಿಸ್ಕೋಪ್. ಮೋಟಾರಿಲ್ಲ, ಕಂಪ್ಯೂಟರಿಲ್ಲ. ಕೈಯಲ್ಲೇ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗಿಸಬೇಕು. ಟ್ಯೂಷನ್ ಹೇಳಿ ಕೂಡಿಸಿದ ದುಡ್ಡಿಗೆ ಅಪ್ಪ ಒಂದಿಷ್ಟು ಸೇರಿಸಿ ಕೊಡಿಸಿದ ಸೆಕೆಂಡ್ ಹ್ಯಾಂಡ್ ಮಾಲು. ಚಂದ್ರನ ಕುಳಿಗಳು, ಗುರುವಿನ ಉಪಗ್ರಹಗಳು, ಶನಿಯ ಬಳೆ ಎಲ್ಲ ಮೊದಲ ವಾರದಲ್ಲೇ ಮುಗಿದವು. ಆಮೇಲೆ ಏನೂ ಸಿಗಲಿಲ್ಲ.

ಪುಸ್ತಕಗಳು ಹೇಳುವ ದಾರಿ ‘ಸ್ಟಾರ್ ಹಾಪಿಂಗ್’. ಗೊತ್ತಿರುವ ನಕ್ಷತ್ರದಿಂದ ಪಕ್ಕದ್ದಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುವುದು. ಆಂಡ್ರೊಮಿಡಾ ಗೆಲಾಕ್ಸಿಗೆ ಹೋಗಲು ಮಿರಾಕ್ ಎಂಬ ನಕ್ಷತ್ರದಿಂದ ಹೊರಟು ಮ್ಯೂ, ನಂತರ ನ್ಯೂ ಎಂಬ ನಕ್ಷತ್ರಗಳನ್ನು ಹಿಡಿಯಬೇಕು. ಮಿರಾಕ್‌ನ ಕಾಂತಿಮಾನ ಸುಮಾರು 2, ಮ್ಯೂ 3.9, ನ್ಯೂ 4.5. ಅಂಕಿ ಹೆಚ್ಚಾದಷ್ಟೂ ನಕ್ಷತ್ರ ಮಂಕು. ಲಗ್ಗೆರೆಯ ನಮ್ಮ ತಾರಸಿಯಿಂದ ಮಿರಾಕ್ ಕಾಣುತ್ತದೆ, ಮ್ಯೂ ಇದ್ದರೂ ಇರಬಹುದು ಅನ್ನಿಸುತ್ತದೆ, ನ್ಯೂ ಕಾಣುವುದೇ ಇಲ್ಲ. ಬೀದಿದೀಪ, ಎದುರಿನ ಗೋಡೌನಿನ ಫ್ಲಡ್‌ಲೈಟ್, ಮೇಲಿಂದ ಧೂಳು. ನನ್ನ ಟೆಲಿಸ್ಕೋಪಿಗಿದ್ದ ರೆಡ್ ಡಾಟ್ ಫೈಂಡರ್ ಬರಿಗಣ್ಣಿಗೆ ಕಾಣದ್ದನ್ನು ತೋರಿಸುವುದೂ ಇಲ್ಲ. ಮೇಲಿನ ಮೆಟ್ಟಿಲೇ ಕಿತ್ತುಹೋದ ಏಣಿ ಹತ್ತು ಎಂದರೆ ಹೇಗೆ?

ಬ್ಯಾಂಕ್ ಪರೀಕ್ಷೆಗೆ ಓದುವವಳಿಗೆ ವಾರಕ್ಕೆ ಒಂದು ರಾತ್ರಿ ಸಿಕ್ಕರೆ ದೊಡ್ಡದು. ಅದರಲ್ಲೂ ಮೋಡ ಇರಬಾರದು. ಎರಡು ಗಂಟೆ ಕತ್ತು ನೋಯಿಸಿಕೊಂಡು ಕೆಳಗಿಳಿದರೆ ಅಪ್ಪ ಕೇಳುತ್ತಿದ್ದರು, ‘ಏನಮ್ಮಾ, ಇವತ್ತಾದ್ರೂ ಕಂಡಿತಾ?’ ಅವರು ದುಡ್ಡು ಕೊಟ್ಟವರು, ಕೇಳುವ ಹಕ್ಕಿತ್ತು. ಮೂರನೇ ತಿಂಗಳಿಗೆ ಟೆಲಿಸ್ಕೋಪ್ ಮಾರಿಬಿಡೋಣ ಎಂದು ಅದರ ಫೋಟೊ ತೆಗೆದಿದ್ದೂ ಆಯಿತು.

ಉಳಿಸಿದ್ದು ಅಪ್ಪನ ಕೆಲಸದ ಚೀಲ. ಅವರದು ಗ್ರಿಲ್, ಗೇಟ್ ಮಾಡುವ ಫ್ಯಾಬ್ರಿಕೇಷನ್ ಕೆಲಸ. ಕಬ್ಬಿಣದ ಪಟ್ಟಿ ಎಷ್ಟು ಓರೆಯಾಗಿದೆ ಎಂದು ನೋಡಲು ತಳದಲ್ಲಿ ಅಯಸ್ಕಾಂತ ಇರುವ ಮೀಟರ್ ಇಟ್ಟುಕೊಂಡಿರುತ್ತಾರೆ. ನನ್ನ ಟೆಲಿಸ್ಕೋಪಿನ ಕೊಳವೆಯೂ ಉಕ್ಕಿನ ತಗಡು. ಟಕ್ ಎಂದು ಕೂತಿತು.

ಮಾಡುವುದು ಇಷ್ಟೇ. ಮೊದಲು ಟೆಲಿಸ್ಕೋಪಿನ ಪೀಠವನ್ನು ಮಟ್ಟಮಾಡಬೇಕು. ಇಲ್ಲದಿದ್ದರೆ ತಿರುಗಿಸಿದಂತೆಲ್ಲ ಅಳತೆ ತಪ್ಪುತ್ತದೆ. ನಂತರ ಹತ್ತಿರದ ಪ್ರಕಾಶಮಾನ ನಕ್ಷತ್ರವೊಂದನ್ನು ನಡುಮಧ್ಯಕ್ಕೆ ತಂದು, ಮೀಟರಿನ ಅಂಕಿಯನ್ನೂ ಸ್ಟೆಲೇರಿಯಂ ಆ್ಯಪ್ ತೋರಿಸುವ ಎತ್ತರವನ್ನೂ ಹೋಲಿಸಬೇಕು. ಅರ್ಧ ಡಿಗ್ರಿ ವ್ಯತ್ಯಾಸವಿದ್ದರೆ ಅದನ್ನು ನೆನಪಿಟ್ಟುಕೊಂಡರಾಯಿತು. ಈಗ ಬೇಕಾದ ಕಾಯದ ಎತ್ತರಕ್ಕೆ ಕೊಳವೆ ನಿಲ್ಲಿಸಿ, ಎತ್ತರ ಬದಲಿಸದೆ ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸುವುದು. ನನ್ನ 25 ಮಿಲಿಮೀಟರ್ ಐಪೀಸಿನಲ್ಲಿ ಒಂದು ಡಿಗ್ರಿಯಷ್ಟು ಆಕಾಶ, ಅಂದರೆ ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು ಅಗಲ, ಕಾಣುತ್ತದೆ. ಮೀಟರ್ ಡಿಗ್ರಿಯ ಹತ್ತನೇ ಒಂದು ಭಾಗದವರೆಗೂ ತೋರಿಸುತ್ತದೆ. ಹಾಗಾಗಿ ಹುಡುಕಾಟ ಒಂದು ಗೆರೆಯ ಮೇಲಷ್ಟೇ. ಆದರೆ ತಡಮಾಡುವಂತಿಲ್ಲ. ಭೂಮಿ ತಿರುಗುವುದರಿಂದ ಆಕಾಶ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಿರುತ್ತದೆ. ಆಗಾಗ ಆ್ಯಪ್ ನೋಡಿ ಅಂಕಿ ತಿದ್ದಿಕೊಳ್ಳಬೇಕು.

ಡಿಸೆಂಬರ್ ಎರಡನೇ ವಾರ, ರಾತ್ರಿ ಒಂಬತ್ತರ ಹೊತ್ತಿಗೆ ವಾಯವ್ಯದಲ್ಲಿ 55.8 ಡಿಗ್ರಿ ಎತ್ತರಕ್ಕೆ ನಿಲ್ಲಿಸಿ ತಿರುಗಿಸುತ್ತಿದ್ದೆ. ಮಸುಕಾದ ಬೆಳಕಿನ ಮಚ್ಚೆಯೊಂದು ಹಾದುಹೋಯಿತು. ಕನ್ನಡಕದ ಮೇಲೆ ಉಸಿರು ಬಿಟ್ಟಂತೆ, ಅಷ್ಟೇ. ಫೋಟೊಗಳಲ್ಲಿ ಕಾಣುವ ಸುರುಳಿ, ಬಣ್ಣ ಒಂದೂ ಇರಲಿಲ್ಲ. 25 ಲಕ್ಷ ಜ್ಯೋತಿರ್ವರ್ಷ ದೂರದ ಬೆಳಕು. ಕೂಗಿದ್ದಕ್ಕೆ ಅಪ್ಪ ಗಾಬರಿಯಾಗಿ ಮೇಲೆ ಬಂದರು.

ಈಗ ಕಾಪಿಯ ವಿಚಾರಕ್ಕೆ ಬರೋಣ. ಕಾಪಿ ಹೊಡೆದರೆ ಉತ್ತರ ಸಿಗುತ್ತದೆ, ವಿಷಯ ಗೊತ್ತಾಗುವುದಿಲ್ಲ. ಮೀಟರ್ ನನಗೆ ಗೆಲಾಕ್ಸಿ ತೋರಿಸಲಿಲ್ಲ. ಯಾವ ಎತ್ತರದಲ್ಲಿ ಹುಡುಕಬೇಕು ಎಂದಷ್ಟೇ ಹೇಳಿತು. ತಿರುಗಿಸಿದ್ದು ನನ್ನ ಕೈ, ಗುರುತಿಸಿದ್ದು ನನ್ನ ಕಣ್ಣು. ಇಷ್ಟಕ್ಕೂ ನಾವೆಲ್ಲ ಹುಡುಕುವ ಮೆಸಿಯೆ ಪಟ್ಟಿಯೇ ಅಂಕಿಗಳ ಪಟ್ಟಿ. ಧೂಮಕೇತು ಹುಡುಕುತ್ತಿದ್ದ ಚಾರ್ಲ್ಸ್ ಮೆಸಿಯೆ, ಧೂಮಕೇತುವಿನಂತೆ ಕಂಡು ಮೋಸಗೊಳಿಸುವ ಮಸುಕು ಕಾಯಗಳ ಸ್ಥಾನವನ್ನು ಅಳೆದು ಬರೆದಿಟ್ಟ. 1781ರಲ್ಲಿ ಪ್ರಕಟವಾದ ಆ ಪಟ್ಟಿಯಲ್ಲಿ 103 ಕಾಯಗಳಿದ್ದವು, ಆಂಡ್ರೊಮಿಡಾ 31ನೆಯದು. ಹಳೆಯ ಟೆಲಿಸ್ಕೋಪುಗಳಿಗೂ ಡಿಗ್ರಿ ಕೊರೆದ ಲೋಹದ ಚಕ್ರಗಳಿರುತ್ತಿದ್ದವು. ಅಂಕಿ ನೋಡಿ ತಿರುಗಿಸುವುದು ಯಾರೂ ನಿನ್ನೆ ಮೊನ್ನೆ ಕಂಡುಹಿಡಿದದ್ದಲ್ಲ.

ಸರಳತೆಯ ಮಾತು ಬಂದಾಗ ಎಲ್ಲರೂ ಜಾನ್ ಡಾಬ್ಸನ್ ಹೆಸರು ಹೇಳುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊದ ವೇದಾಂತ ಮಠದಲ್ಲಿ ಸಂನ್ಯಾಸಿಯಾಗಿದ್ದು, ಟೆಲಿಸ್ಕೋಪ್ ಹುಚ್ಚಿನಿಂದಲೇ 1967ರಲ್ಲಿ ಮಠ ಬಿಡಬೇಕಾಗಿ ಬಂದ ಮನುಷ್ಯ. ಫುಟ್‌ಪಾತಿನಲ್ಲಿ ನಿಂತು ಹೋಗಿಬರುವವರನ್ನು ಕರೆದು ಆಕಾಶ ತೋರಿಸುತ್ತಿದ್ದರು. ಜನ ನೋಡಲಿ ಎಂಬುದು ಅವರ ಆಸೆಯಾಗಿತ್ತು, ಒದ್ದಾಡಲಿ ಎಂಬುದಲ್ಲ.

ಆ ಹಿರಿಯರ ಮಾತಿನಲ್ಲಿ ನಿಜವೇ ಇಲ್ಲ ಎನ್ನಲಾರೆ. ಬಟನ್ ಒತ್ತಿದರೆ ತಾನೇ ತಿರುಗುವ ಟೆಲಿಸ್ಕೋಪ್ ಇರುವ ಗೆಳೆಯನೊಬ್ಬ ನಲವತ್ತು ಕಾಯ ನೋಡಿದ್ದಾನೆ. ರೋಹಿಣಿ ಎಲ್ಲಿದೆ ತೋರಿಸು ಎಂದರೆ ಫೋನ್ ತೆಗೆಯುತ್ತಾನೆ. ಫೋನಿನ ಕ್ಯಾಮೆರಾದಿಂದ ನಕ್ಷತ್ರಗಳ ವಿನ್ಯಾಸ ಗುರುತಿಸಿ, ಯಾವ ಕಡೆ ತಳ್ಳಬೇಕೆಂದು ಬಾಣದ ಗುರುತು ತೋರಿಸುವ ವ್ಯವಸ್ಥೆಯೂ ಬಂದಿದೆ. ಒಳ್ಳೆಯದೇ, ಆದರೆ ಬಾಣ ನೋಡುತ್ತಾ ಆಕಾಶ ನೋಡುವುದೇ ಮರೆತುಹೋಗುತ್ತದೆ ಎಂಬ ಅನುಮಾನ ನನಗಿದೆ. ಕತ್ತಲಿಗೆ ಕಣ್ಣು ಪೂರ್ತಿ ಒಗ್ಗಲು ಅರ್ಧ ಗಂಟೆಯಾದರೂ ಬೇಕು, ಫೋನಿನ ಬಿಳಿ ಪರದೆ ಅದನ್ನು ಒಂದೇ ಕ್ಷಣದಲ್ಲಿ ಕೆಡಿಸುತ್ತದೆ. ಆ್ಯಪನ್ನು ಕೆಂಪು ಮೋಡಿಗೆ ಹಾಕಿಕೊಳ್ಳಿ. ದಿಕ್ಕಿಗೆ ಫೋನಿನ ದಿಕ್ಸೂಚಿ ನಂಬಬೇಡಿ, ಉಕ್ಕಿನ ಕೊಳವೆಯ ಪಕ್ಕ ಅದು ಏನೇನೋ ಹೇಳುತ್ತದೆ.

ಸಂಕ್ರಾಂತಿಗೆ ಶಿರಾ ಹತ್ತಿರದ ಅಜ್ಜಿಯ ಊರಿಗೆ ಹೋದಾಗ ಟೆಲಿಸ್ಕೋಪನ್ನೂ ಒಯ್ದಿದ್ದೆವು. ಕಣದಲ್ಲಿ ನಿಂತು ತಲೆಯೆತ್ತಿದರೆ ಮಿರಾಕ್, ಮ್ಯೂ, ನ್ಯೂ ಮೂರೂ ಸಾಲಾಗಿದ್ದವು. ಲಗ್ಗೆರೆಯಲ್ಲಿ ಐದಾರು ರಾತ್ರಿ ಅದೇ ಮೂಲೆಗೆ ಕೊಳವೆ ತಿರುಗಿಸಿದ್ದರಿಂದಲೋ ಏನೋ, ಕೈ ತಾನೇ ಹೋಯಿತು. ಮೀಟರ್ ಚೀಲದಿಂದ ಹೊರಗೆ ಬರಲೇ ಇಲ್ಲ. ಓಣಿಯ ಹುಡುಗರು ಸಾಲು ನಿಂತರು. ಅಜ್ಜಿ ಎರಡು ಸಲ ನೋಡಿ, ‘ಮೋಡ ಕಣೇ ಅದು’ ಎಂದು ತೀರ್ಪು ಕೊಟ್ಟರು.

ಬೆಂಗಳೂರಿಗೆ ಬಂದ ಮೇಲೆ ಮೀಟರ್ ಮತ್ತೆ ಕೊಳವೆಗೆ ಅಂಟಿದೆ. ಇಲ್ಲಿ ನ್ಯೂ ಇನ್ನೂ ಕಾಣುವುದಿಲ್ಲ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅಪ್ಪ ತಾರಸಿ ಹತ್ತಿ ಅದನ್ನು ಕಿತ್ತುಕೊಂಡು ಹೋಗುತ್ತಾರೆ.