ಕಾನ್‌ಸ್ಟಂಟೈನನಿಗೂ ಮೊದಲು

ಆದಿ ಕ್ರೈಸ್ತರು ಮತಾಂತರಗೊಂಡದ್ದು ಸಾಮ್ರಾಟ ಕಾನ್‌ಸ್ಟಂಟೈನನ ಕೃಪೆಯ ಆಸೆಗಾಗಿಯೇ, ಅಂತರಂಗದ ಪರಿವರ್ತನೆಗೆ ಅದರಲ್ಲಿ ಪಾಲಿಲ್ಲ ಎಂಬುದು ಈಚೆಗೆ ಪ್ರಕಟವಾದ ಲೇಖನವೊಂದರ ವಾದ. ಕಾಲಾನುಕ್ರಮವೇ ಇದನ್ನು ಒಪ್ಪುವುದಿಲ್ಲ. ಅವನಿಗಿಂತ ಇನ್ನೂರು ವರ್ಷ ಮೊದಲೇ, ಸುಮಾರು ಕ್ರಿ.ಶ. 112ರಲ್ಲಿ, ಬಿಥಿನಿಯದ ಅಧಿಪತಿ ಪ್ಲಿನಿಯು ಸಾಮ್ರಾಟ ಟ್ರಾಜನನಿಗೆ ಬರೆದ ಪತ್ರದಲ್ಲಿ ಈ ಮತವು ಹಳ್ಳಿಗಳಿಗೂ ಹಬ್ಬಿದೆಯೆಂದು ದೂರುತ್ತಾನೆ. ಅದನ್ನು ಬಿಡಲೊಪ್ಪದವರಿಗೆ ಅವನು ಕೊಟ್ಟ ಕೃಪೆಯೆಂದರೆ ಮರಣದಂಡನೆ. 203ರಲ್ಲಿ ಕಾರ್ತೇಜಿನಲ್ಲಿ ಮೃಗಗಳ ಮುಂದೆ ತಳ್ಳಲ್ಪಟ್ಟ ಪೆರ್ಪೆಟುವಾ ಹಸುಗೂಸಿನ ತಾಯಿ. ಬಂಧನವಾದಾಗ ಆಕೆ ಇನ್ನೂ ದೀಕ್ಷಾರ್ಥಿ, ಎಂದರೆ ಜ್ಞಾನಸ್ನಾನಕ್ಕೆ ಮುಂಚಿನ ಉಪದೇಶ ಪಡೆಯುತ್ತಿದ್ದವಳು, ಮತ್ತು ತಂದೆ ಅಂಗಲಾಚಿದರೂ ಮಣಿಯಲಿಲ್ಲ. ಕಾನ್‌ಸ್ಟಂಟೈನನ ಕಾಲದ 313ರ ಮಿಲಾನ್ ಶಾಸನವಾದರೂ ಎಲ್ಲ ಮತಗಳಿಗೂ ಸ್ವಾತಂತ್ರ್ಯ ನೀಡಿತೇ ವಿನಾ ಯಾರ ಮತಾಂತರವನ್ನೂ ವಿಧಿಸಲಿಲ್ಲ. ನಾಲ್ಕನೆಯ ಶತಮಾನದಲ್ಲಿ ಲಾಭಕ್ಕಾಗಿ ಸೇರಿದವರಿದ್ದುದು ನಿಜವಾದರೂ ಆ ದೂರನ್ನು ಹಿಂದಿನ ತಲೆಮಾರುಗಳ ಮೇಲೂ ಹೊರಿಸಲು ಆಧಾರವಿಲ್ಲ.